ಸಂಘದ ಯಾವ ಕಾಗದವನ್ನು ಚಾಟ್‌ಜಿಪಿಟಿಗೆ ಕೊಡಬಹುದು?

ಪ್ರಶ್ನೆ: ಶಿರಸಿ ಹತ್ತಿರದ ಒಂದು ಸೇವಾ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಿದ್ದೇನೆ. ನಾವು 11 ಜನ ಸಿಬ್ಬಂದಿ. ಕಂಪ್ಯೂಟರ್ ಅಂದರೆ ನಮಗೆ ಲೆಕ್ಕದ ಸಾಫ್ಟ್‌ವೇರ್ ಮತ್ತು ‘ನುಡಿ’, ಅಷ್ಟೇ. ಈಗ ಹುಡುಗರು ಪತ್ರ, ನೋಟಿಸ್ ಎಲ್ಲವನ್ನೂ ಮೊಬೈಲಿನಲ್ಲಿ ಚಾಟ್‌ಜಿಪಿಟಿ ಕೇಳಿ ಬರೆಯುತ್ತಾರೆ. ಕಳೆದ ತಿಂಗಳು ಒಬ್ಬ ಸುಸ್ತಿದಾರರ ಪಟ್ಟಿಯನ್ನೇ ಅದಕ್ಕೆ ಹಾಕಿ ನೋಟಿಸ್ ಬರೆಸಿದ. ಆಡಳಿತ ಮಂಡಳಿಯವರು ಸಿಬ್ಬಂದಿಗೆ ಒಂದು ಮಾರ್ಗದರ್ಶಿ ಮಾಡಲು ನನಗೆ ಹೇಳಿದ್ದಾರೆ. ಏನು ಬರೆಯಲಿ? ಪೂರ್ತಿ ಬೇಡ ಅಂದುಬಿಡುವುದೇ ಒಳ್ಳೆಯದಾ?
– ಒಬ್ಬ ಓದುಗರು, ಶಿರಸಿ

ಉತ್ತರ: ಬೇಡ ಅನ್ನುವುದೂ ಒಂದು ದಾರಿಯೇ. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತನ್ನ ಸಿಬ್ಬಂದಿಗೆ ಕಚೇರಿಯ ಕಂಪ್ಯೂಟರಿನಲ್ಲಿ ಇಂಥ ಎಐ (ಕೃತಕ ಬುದ್ಧಿಮತ್ತೆ) ಬಳಸಬೇಡಿ ಎಂದು ಸೂಚಿಸಿತ್ತು. ಆದರೆ ನಿಮ್ಮಲ್ಲಿ ಎಲ್ಲರೂ ಬಳಸುತ್ತಿರುವುದು ಸ್ವಂತ ಮೊಬೈಲಿನಲ್ಲಿ. ವಾಟ್ಸಾಪ್ ಒಳಗೇ ಮೆಟಾ ಎಐ ಬಂದು ಕೂತಿದೆ. ಬೇಡ ಅಂದರೆ ಕದ್ದು ಬಳಸುತ್ತಾರೆ, ಆಗ ತಪ್ಪಾದರೂ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಸಲಹೆ: ಬಳಸಲಿ, ಆದರೆ ಯಾವ ಕಾಗದಕ್ಕೆ ಎನ್ನುವುದನ್ನು ನೀವು ಬರೆದು ಕೊಡಿ.

ಇದಕ್ಕೆ ತಂತ್ರಜ್ಞಾನ ಗೊತ್ತಿರಬೇಕಿಲ್ಲ. ಒಂದು ದಿನ ಸಂಜೆ ಹನ್ನೊಂದು ಜನವೂ ಕೂತುಕೊಳ್ಳಿ. ವಾರದಲ್ಲಿ ಕೈಗೆ ಬರುವ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಬಹುದಾ? ಸರ್ವಸಾಧಾರಣ ಸಭೆಯ ನೋಟಿಸ್, ಗೊಬ್ಬರ ಬಂದಿದೆ ಎನ್ನುವ ಪ್ರಕಟಣೆ, ಚಾಲಿ, ರಾಶಿ ಅಡಿಕೆಯ ಇವತ್ತಿನ ದರ, ಇವನ್ನೆಲ್ಲ ಅಂಟಿಸಬಹುದು. ಇವಕ್ಕೆ ಎಐ ಬಳಸಲಿ. ಬೆಳೆ ಸಾಲದ ಅರ್ಜಿ, ಪಹಣಿ, ಆಧಾರ್, ಪಾಸ್‌ಬುಕ್ಕಿನ ಫೋಟೊ, ಸುಸ್ತಿದಾರರ ಪಟ್ಟಿ, ಸಿಬ್ಬಂದಿಯ ಸಂಬಳದ ಹಾಳೆ ಅಂಟಿಸುವಂಥವಲ್ಲ. ಇವು ಯಾವ ಎಐಗೂ ಹೋಗಬಾರದು. ಉಚಿತ ಖಾತೆಯಲ್ಲಿ ಹಾಕಿದ್ದು ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ಆಫ್ ಮಾಡದಿದ್ದರೆ ಆ ಎಐಗೆ ಕಲಿಸಲೂ ಅದು ಬಳಕೆಯಾಗಬಹುದು.

‘ಹೆಸರು ಅಳಿಸಿ ಹಾಕುತ್ತೇವೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಲ್ಲಿ ಸ್ವಲ್ಪ ನಿಧಾನಿಸಿ. ಬೆಂಗಳೂರಿನಲ್ಲಿ ಹೆಸರು ಅಳಿಸಿದರೆ ಜನ ಸಿಗುವುದು ಕಷ್ಟ. ನಮ್ಮ ಕಡೆ ಹಾಗಲ್ಲ. ಊರು, ಸರ್ವೆ ನಂಬರ್, ಎಷ್ಟು ಗುಂಟೆ ತೋಟ ಎಂದರೆ ಸಾಕು, ಯಾರ ಮನೆ ಎಂದು ನಿಮ್ಮ ಜವಾನರೇ ಹೇಳುತ್ತಾರೆ. ಅಳಿಸುವುದಾದರೆ ಅವನ್ನೂ ಅಳಿಸಬೇಕು. ಅದಕ್ಕಿಂತ ಸುಲಭದ ದಾರಿ ಇದೆ. ಹೆಸರು, ಮೊತ್ತ, ತಾರೀಖಿನ ಜಾಗ ಖಾಲಿ ಇರುವ ನೋಟಿಸಿನ ಮಾದರಿ ಕೊಡು ಎಂದು ಎಐಗೆ ಕೇಳಿ. ಖಾಲಿ ಜಾಗವನ್ನು ಸಂಘದ ಕಂಪ್ಯೂಟರಿನಲ್ಲೇ ವರ್ಡ್‌ನ ಮೇಲ್ ಮರ್ಜ್‌ನಿಂದ (ಪಟ್ಟಿಯಲ್ಲಿರುವ ವಿವರವನ್ನು ಒಂದೊಂದು ಪತ್ರಕ್ಕೂ ತಾನೇ ತುಂಬುವ ಸೌಲಭ್ಯ) ತುಂಬಿ. ಇನ್ನೂರು ನೋಟಿಸ್ ಆದರೂ ಒಬ್ಬರ ವಿವರವೂ ಹೊರಗೆ ಹೋಗುವುದಿಲ್ಲ.

ಸದಸ್ಯರು ನಂಬಿ ಕೊಟ್ಟ ಕಾಗದ ಕಾಯುವ ಜವಾಬ್ದಾರಿ ಈಗ ಕಾನೂನಿನಲ್ಲೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹಂತ ಹಂತವಾಗಿ ಜಾರಿಯಾಗುತ್ತಿದೆ. ಮಾಹಿತಿ ಸೋರದಂತೆ ಎಚ್ಚರ ವಹಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಆಡಳಿತ ಮಂಡಳಿಯ ಠರಾವಿನಲ್ಲಿ ಈ ಕಾಯ್ದೆಯ ಹೆಸರು ಬರಲಿ.

ಇನ್ನು ಎಐ ಕೊಟ್ಟ ಉತ್ತರದ ವಿಷಯ. ಅದು ನಿಮ್ಮ ಕಡತ ನೋಡಿ ಬರೆಯುವುದಿಲ್ಲ. ಯಾವ ಮಾತಿನ ಮುಂದೆ ಯಾವ ಮಾತು ಬರಬಹುದು ಎಂದು ಅಂದಾಜು ಮಾಡಿ ಬರೆಯುತ್ತದೆ. ಗೊತ್ತಿಲ್ಲದ್ದನ್ನೂ ಗೊತ್ತಿದ್ದಷ್ಟೇ ಧೈರ್ಯದಿಂದ ಹೇಳುತ್ತದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ನೋಡದೆ ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ನಿಮ್ಮ ನೋಟಿಸಿನಲ್ಲಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕಲಂ ಬಂದರೆ, ಪುಸ್ತಕ ತೆರೆದು ಆ ಕಲಂ ಓದಿಯೇ ಸಹಿ ಹಾಕಬೇಕು.

ನನಗೆ ಇದಕ್ಕಿಂತ ಜಾಸ್ತಿ ಭಯ ಇರುವುದು ತೋಟದ ಸಲಹೆ ಬಗ್ಗೆ. ಮಳೆಗಾಲದ ಮೊದಲು ಸದಸ್ಯರಿಗೆ ಅಡಿಕೆಯ ಕೊಳೆರೋಗದ ಬಗ್ಗೆ ಸಂದೇಶ ಕಳಿಸುತ್ತೀರಲ್ವಾ? ಅದಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದರಲ್ಲಿ ಒಂದು ಅಂಕಿ ಹೆಚ್ಚುಕಮ್ಮಿ ಆಗಿ ಸಂಘದ ಹೆಸರಿನಲ್ಲಿ ಹೋಯಿತು ಅಂದುಕೊಳ್ಳಿ. ಸಂಘ ಹೇಳಿದೆ ಎಂದು ಜನ ಹಾಗೇ ಹೊಡೆಯುತ್ತಾರೆ. ಆ ವರ್ಷದ ಫಸಲು ಉದುರಿದ ಮೇಲೆ ತಿದ್ದುಪಡಿ ಕಳಿಸಿ ಏನು ಪ್ರಯೋಜನ? ಔಷಧಿ, ಬಡ್ಡಿ ದರ, ಕೊನೆಯ ತಾರೀಖು, ಈ ಮೂರರಲ್ಲಿ ಏನಿದ್ದರೂ ಇಬ್ಬರು ಓದಿ, ಮೂಲ ಕಾಗದದ ಜೊತೆ ತಾಳೆ ನೋಡಿದ ಮೇಲೇ ಹೊರಗೆ ಹೋಗಲಿ. ಓದಿದವರ ಸಹಿ ಕಡತದಲ್ಲಿರಲಿ. ‘ಎಐ ಹೀಗೆ ಹೇಳಿತ್ತು’ ಎನ್ನುವುದನ್ನು ಕಾರಣವಾಗಿ ಒಪ್ಪಬೇಡಿ.

ಮಾರ್ಗದರ್ಶಿ ಒಂದು ಪುಟ ಮೀರದಿರಲಿ. ನೀವು ಕೌಂಟರಿನಲ್ಲಿ ಮಾತಾಡುವ ಕನ್ನಡದಲ್ಲೇ ಬರೆಯಿರಿ. ಅದರಲ್ಲಿ ಒಂದು ಸಾಲು ಖಂಡಿತ ಬೇಕು: ತಪ್ಪಿ ಏನಾದರೂ ಹಾಕಿದರೆ ಅದೇ ದಿನ ಬಂದು ಹೇಳಿ, ಹೇಳಿದವರ ಮೇಲೆ ಕ್ರಮ ಇಲ್ಲ.

ಆ ಸಾಲು ಸುಸ್ತಿದಾರರ ಪಟ್ಟಿ ಹಾಕಿದ ಹುಡುಗನಿಂದಲೇ ಶುರುವಾಗಲಿ. ಅವನಿಗೆ ಯಾರೂ ಹೇಳಿರಲಿಲ್ಲ, ಅವನನ್ನು ಬೈಯಬೇಡಿ. ಇವತ್ತೇ ಅವನ ಜೊತೆ ಕೂತು ಆ ಚಾಟ್ ಡಿಲೀಟ್ ಮಾಡಿಸಿ. ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್‌ಗೆ ಹೋಗಿ, ಚಾಟ್‌ಗಳನ್ನು ಕಲಿಕೆಗೆ ಬಳಸುವ ಆಯ್ಕೆ ಆಫ್ ಮಾಡಿಸಿ. ಯಾವ ದಿನ, ಎಷ್ಟು ಜನರ ಯಾವ ವಿವರ ಹೋಗಿದೆ ಎಂದು ಬರೆದು ಆಡಳಿತ ಮಂಡಳಿಯ ಮುಂದಿಡಿ. ಪಟ್ಟಿಯಲ್ಲಿರುವ ಸದಸ್ಯರಿಗೆ ವಿಷಯ ತಿಳಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಅದು ಹೊರಗಿನವರ ಬಾಯಿಂದ ಗೊತ್ತಾಗುವ ಮೊದಲು ಸಂಘದಿಂದಲೇ ಗೊತ್ತಾಗಲಿ.