ಮೊದಲು ಡಬ್ಬ ಸುರಿಯಿರಿ, ಥೀಮ್ ಆಮೇಲೆ

ಮೂರು ಡಬ್ಬ ತುಂಬ ಮನೆಯವರ ಫೋಟೋ ಇದೆ, ಅವನ್ನು ಜೋಡಿಸಿ ಪಕ್ಕದಲ್ಲಿ ನೆನಪು ಬರೆಯುವ ಸ್ಕ್ರ್ಯಾಪ್‌ಬುಕ್ ಮಾಡಬೇಕು, ಆದರೆ ಥೀಮ್ ತೋಚುತ್ತಿಲ್ಲ ಎಂದು ಬರೆದಿದ್ದೀರಿ. ವರ್ಷದ ಪ್ರಕಾರ ಹೋಗಲೇ, ಒಬ್ಬೊಬ್ಬರಿಗೆ ಒಂದೊಂದು ಆಲ್ಬಂ ಮಾಡಲೇ ಎಂದು ಕೇಳಿದ್ದೀರಿ. ಈಗಲೇ ಎರಡರಲ್ಲಿ ಯಾವುದನ್ನೂ ತೀರ್ಮಾನ ಮಾಡಬೇಡಿ. ಥೀಮ್ ನಿಮ್ಮ ಡಬ್ಬದಲ್ಲೇ ಇರುತ್ತದೆ.

ನನ್ನ ಮೊದಲ ಆಲ್ಬಂ ವರ್ಷದ ಪ್ರಕಾರವೇ ಶುರುವಾಗಿತ್ತು. ಮೂರನೇ ವರ್ಷಕ್ಕೆ ನಿಂತುಹೋಯಿತು. ಒಂದು ವರ್ಷಕ್ಕೆ ಇನ್ನೂರು ಫೋಟೋ, ಮುಂದಿನ ವರ್ಷಕ್ಕೆ ನಾಲ್ಕೇ ನಾಲ್ಕು. ಯಾವುದು ಯಾವ ವರ್ಷದ್ದು ಎಂದು ಪತ್ತೆ ಹಚ್ಚುವುದರಲ್ಲೇ ಇದ್ದಬದ್ದ ಹುಮ್ಮಸ್ಸೆಲ್ಲ ಹೋಯಿತು.

ಆಮೇಲೆ ಒಂದು ರಜೆಯ ದಿನ ಎಲ್ಲವನ್ನೂ ನೆಲದ ಮೇಲೆ ಹರಡಿ ಸುಮ್ನೆ ನೋಡುತ್ತಾ ಕೂತೆ. ಹಳೆಯ ಫೋಟೋಗಳಲ್ಲಿ ಜಾಸ್ತಿ ನಮ್ಮ ಮುಂಬಾಗಿಲ ಹತ್ತಿರ ತೆಗೆದವೇ ಇದ್ದವು. ಅದೇಕೆ ಎಂದು ಅಪ್ಪನನ್ನು ಕೇಳಿದೆ. ಆಗಿನ ಕ್ಯಾಮರಾಗೆ ಫ್ಲ್ಯಾಶ್ ಇರಲಿಲ್ಲ, ಒಳಗಿನ ಬೆಳಕು ಸಾಲುತ್ತಿರಲಿಲ್ಲ, ಒಂದು ರೀಲಿಗೆ 36 ಫೋಟೋ ಅಷ್ಟೇ, ಒಂದೂ ಹಾಳಾಗಬಾರದು ಎಂದು ಎಲ್ಲರನ್ನೂ ಬಾಗಿಲಿಗೆ ಕರೆದು ನಿಲ್ಲಿಸುತ್ತಿದ್ದೆ ಅಂದರು. ಮತ್ತೆ ನೋಡಿದೆ. ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದ ತಂಗಿ, ಅದೇ ಬಾಗಿಲಲ್ಲಿ ಶಾಲೆಯ ಚೀಲ ಹೊತ್ತ ತಂಗಿ, ಸೂಟ್‌ಕೇಸ್ ಹಿಡಿದು ಕೆಲಸಕ್ಕೆ ಹೊರಟ ತಂಗಿ. ಹಿಂದೆ ಬಾಗಿಲಿನ ಬಣ್ಣ ಮೂರು ಸಲ ಬದಲಾಗಿದೆ. ಮೊದಮೊದಲು ಅಜ್ಜಿ ನಿಂತಿದ್ದಾರೆ. ಆಮೇಲೆ ಕುರ್ಚಿಯಲ್ಲಿ ಕೂತಿದ್ದಾರೆ. ಆಮೇಲಿನ ಫೋಟೋದಲ್ಲಿ ಕುರ್ಚಿ ಮಾತ್ರ ಇದೆ. 'ನಮ್ಮ ಬಾಗಿಲು' ಎಂದೇ ಆಲ್ಬಂ ಮಾಡಿದೆ. ಮನೆಗೆ ಬಂದವರು ಇವತ್ತಿಗೂ ಅದನ್ನೇ ಕೇಳಿ ತೆಗೆಸಿಕೊಂಡು ನೋಡುತ್ತಾರೆ.

ಹಾಗಾಗಿ ಹೇಳುತ್ತಿದ್ದೇನೆ, ಫೋಟೋ ಹರಡಿ ಯಾವುದು ಮತ್ತೆ ಮತ್ತೆ ಬರುತ್ತಿದೆ ಎಂದು ನೋಡಿ. ಒಂದು ಜಾಗ ಇರಬಹುದು. ಹೊಲಿಗೆ ಮಷಿನ್, ಸೈಕಲ್‌ನಂಥ ಒಂದು ವಸ್ತು ಇರಬಹುದು. ಅಣ್ಣ-ತಂಗಿ ಇಬ್ಬರೇ ಇರುವ ಫೋಟೋಗಳಿರಬಹುದು. ಫೋಟೋ ಕಡಿಮೆ ಇರುವ ಮನೆಗೆ ಕೈಬರಹದ ಆಲ್ಬಂ ತುಂಬ ಚೆನ್ನಾಗಿ ಒಪ್ಪುತ್ತದೆ. ಹಳೆಯ ಕಾಗದಗಳು, ಲೆಕ್ಕದ ಚೀಟಿ, ಪುಸ್ತಕದ ಮೊದಲ ಪುಟದಲ್ಲಿ ಬರೆದ ಹೆಸರು, ಮಗುವಿನ ಮೊದಲ ಅಕ್ಷರ. ಮುಖದಷ್ಟೇ ಕೈಬರಹವೂ ಒಬ್ಬರನ್ನು ಕಣ್ಣೆದುರು ತಂದು ನಿಲ್ಲಿಸುತ್ತದೆ.

ಸಮಾರಂಭಗಳ ಆಲ್ಬಂ ಬೇಡ ಎನ್ನುತ್ತಿಲ್ಲ. ಆದರೆ ಅಲ್ಲಿ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿ ಕ್ಯಾಮರಾ ನೋಡುತ್ತಿರುತ್ತಾರೆ. ಅವರು ದಿನಾ ಹೇಗಿದ್ದರು ಎನ್ನುವುದು ಸಿಗುವುದಿಲ್ಲ, ಅಲ್ವಾ? ಒಬ್ಬರ ಹೆಸರಲ್ಲಿ ಮಾಡುವುದಾದರೂ ಇಡೀ ಬದುಕನ್ನು ಹಿಡಿಯಲು ಹೋಗಬೇಡಿ. 'ಅಮ್ಮ' ಎಂಬುದು ತೀರಾ ದೊಡ್ಡದು. 'ಕೆಲಸ ಮಾಡುತ್ತಿರುವ ಅಮ್ಮನ ಕೈಗಳು' ಎಂದರೆ ಯಾವ ಫೋಟೋ ಆರಿಸಬೇಕು ಎಂದು ತಕ್ಷಣ ಗೊತ್ತಾಗುತ್ತದೆ. ಥೀಮ್ ಸರಿಯಾಗಿದೆಯೋ ಇಲ್ಲವೋ ಎಂದು ನಾನು ನೋಡುವುದು ಹೀಗೆ: ತುಂಬ ಚೆಂದದ ಒಂದು ಫೋಟೋವನ್ನು 'ಇದು ಈ ಆಲ್ಬಂಗೆ ಅಲ್ಲ' ಎಂದು ಪಕ್ಕಕ್ಕಿಡಲು ಆಗಬೇಕು. ಎಲ್ಲವೂ ಒಳಗೆ ಬರುತ್ತಿದ್ದರೆ ಥೀಮ್ ಇನ್ನೂ ಸಿಕ್ಕಿಲ್ಲ.

ಎಣಿಸಿಯೂ ನೋಡಿ. 12 ಇಂಚಿನ ಚೌಕ ಪುಟದಲ್ಲಿ, ಬರೆಯಲು ಜಾಗ ಬಿಟ್ಟು, ಮೂರು-ನಾಲ್ಕು ಫೋಟೋ ಕೂರುತ್ತವೆ. 20 ಪುಟಕ್ಕೆ 60ರಿಂದ 80 ಬೇಕು. ನಿಮ್ಮ ಹತ್ತಿರ 25 ಇದ್ದರೆ 8 ಇಂಚಿನ ಚಿಕ್ಕ ಆಲ್ಬಂ ತೆಗೆದುಕೊಳ್ಳಿ. ಮಗು ಬೆಳೆಯುವುದರಂಥ ಮುಗಿಯದ ಥೀಮ್ ಆದರೆ ಪುಟ ಸೇರಿಸಲು ಬರುವ ರಿಂಗ್ ಆಲ್ಬಂ ಬೇಕು.

ಥೀಮ್ ಗೊತ್ತಾದ ಮೇಲೆ ಸಾಮಾನು ಕೊಳ್ಳಿ, ಮುಂಚೆ ಬೇಡ. ಪತ್ರಿಕೆಯ ತುಣುಕು ಹಾಕುವ ಥೀಮ್ ಆದರೆ ಮೂಲವನ್ನು ಅಂಟಿಸಬೇಡಿ. ಆ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುತ್ತದೆ, ಹಳದಿಯಾಗುತ್ತದೆ, ಪಕ್ಕದ ಫೋಟೋವನ್ನೂ ಕೆಡಿಸುತ್ತದೆ. ಆಸಿಡ್-ಫ್ರೀ, ಅಂದರೆ ಆಮ್ಲವಿಲ್ಲದ ಕಾಗದದ ಮೇಲೆ ನಕಲು ತೆಗೆದು ಹಾಕಿ. ಟಿಕೆಟ್, ಬಿಲ್ಲುಗಳು ಥರ್ಮಲ್ ಕಾಗದದವಾದರೆ, ಅಂದರೆ ಶಾಯಿಯಿಲ್ಲದೆ ಶಾಖದಿಂದ ಅಚ್ಚಾದವಾದರೆ, ಅಕ್ಷರ ಮಾಸಿ ಹೋಗುತ್ತದೆ, ಅವನ್ನೂ ಬೇಗ ನಕಲು ಮಾಡಿ. ಫೋಟೋ ಇಡಲು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕವರ್ ಬೇಡ, ಇನ್ನೊಂದು ಬಗೆಯ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್‌ನದು ಪರವಾಗಿಲ್ಲ. ಅಂಟಿನ ಬದಲು ಮೂಲೆಗೆ ಸಿಕ್ಕಿಸುವ ಫೋಟೋ ಕಾರ್ನರ್ ಬಳಸಿದರೆ ನಾಳೆ ಫೋಟೋ ಹೊರಗೆ ತೆಗೆಯಬಹುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೇಲೆ ಪ್ಲಾಸ್ಟಿಕ್ ಹಾಳೆ ಇರುವ, ಪುಟಕ್ಕೇ ಅಂಟು ಬಳಿದ ಹಳೆಯ ಆಲ್ಬಂನಲ್ಲಿ ಅಮ್ಮನ ಚಿಕ್ಕಂದಿನ ಫೋಟೋಗಳಿದ್ದವು. ಕೀಳಲು ಹೋಗಿ ಎರಡು ಹರಿದವು. ನಿಮ್ಮಲ್ಲೂ ಅಂಥದ್ದಿದ್ದರೆ ಮೊದಲು ಹಾಗೇ ಸ್ಕ್ಯಾನ್ ಮಾಡಿಕೊಳ್ಳಿ. ಆಮೇಲೆ ಹಲ್ಲಿನ ಸಂದಿಗೆ ಬಳಸುವ ಡೆಂಟಲ್ ಫ್ಲಾಸ್ ದಾರವನ್ನು ಫೋಟೋ ಕೆಳಗೆ ತೂರಿಸಿ ಗರಗಸದಂತೆ ನಿಧಾನ ಆಡಿಸಿ. ಬಿಡದಿದ್ದರೆ ಬಲವಂತ ಮಾಡಬೇಡಿ.

ಇನ್ನೊಂದು ವಿಷಯ. ಫೋಟೋ ನೆಲದ ಮೇಲೆ ಹರಡಿರುವಾಗಲೇ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಮಾತನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಫೋಟೋ ಕೆಳಗೆ ಬರೆಯುವ ಸಾಲುಗಳು ಅಲ್ಲಿಂದಲೇ ಬರುತ್ತವೆ. ನಾನು ಆಲ್ಬಂ ಮಾಡುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಬಾಗಿಲ ಮುಂದಿನ ಒಂದು ಫೋಟೋದಲ್ಲಿ ಅಜ್ಜಿಯ ಹೆಗಲ ಮೇಲೆ ಕೈ ಹಾಕಿ ನಗುತ್ತಿರುವ ಹೆಂಗಸು ಯಾರೆಂದು ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲ. ಆ ಫೋಟೋದ ಕೆಳಗೆ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ.