ಅಣ್ಣನ ನಾಯಕತ್ವ, ತಮ್ಮನ ಸಿಟ್ಟು

ಪ್ರಶ್ನೆ: 2007ರ ನಿಂಜಾ ಟರ್ಟಲ್ಸ್ (ನಿಂಜಾ ಯುದ್ಧಕಲೆ ಕಲಿತ ಆಮೆಗಳ ಕಥೆ) ಅನಿಮೇಷನ್ ಸಿನಿಮಾದಲ್ಲಿ ಅಣ್ಣತಮ್ಮಂದಿರೇ ಹೊಡೆದಾಡುತ್ತಾರೆ. ಕ್ರೈಸ್ತ ಮನೆಯ ಮಕ್ಕಳಿಗೆ ತೋರಿಸಬಹುದಾ?

ಉತ್ತರ: ಧಾರಾಳವಾಗಿ ತೋರಿಸಿ, ಪಕ್ಕದಲ್ಲೇ ಕೂತು ನೋಡಿ. ನಾಯಕನಾಗುವ ತರಬೇತಿಗೆ ಹೋಗಿದ್ದ ಅಣ್ಣ ಲಿಯೊನಾರ್ಡೊ ವಾಪಸ್ ಬಂದಾಗ ತಮ್ಮ ರಾಫೆಲ್‌ಗೆ ಅವನ ಮಾತು ಕೇಳಲು ಇಷ್ಟವಿಲ್ಲ, ಮಳೆಯಲ್ಲಿ ಇಬ್ಬರೂ ಹೊಡೆದಾಡಿ ರಾಫೆಲ್ ಗೆಲ್ಲುತ್ತಾನೆ, ಆಮೇಲೆ ಲಿಯೊನಾರ್ಡೊ ಶತ್ರುಗಳ ಕೈಗೆ ಸಿಕ್ಕಿಬೀಳುತ್ತಾನೆ. ಗೆದ್ದವನೇ ಅಳುತ್ತಾನೆ! ನನಗೆ ಇಲ್ಲಿ ಬೈಬಲ್‌ನಲ್ಲಿ ತನ್ನ ತಮ್ಮನನ್ನೇ ಕೊಂದ ಕಾಯಿನ ನೆನಪಾಗುತ್ತಾನೆ. ತಮ್ಮನನ್ನು ಕಾಯುವುದು ನನ್ನ ಕೆಲಸವಾ ಎಂದು ದೇವರನ್ನೇ ಕೇಳಿದವನು. ರಾಫೆಲ್ ಹಾಗೆ ಜಾರಿಕೊಳ್ಳದೆ ತಪ್ಪು ಒಪ್ಪಿಕೊಂಡು ಅಣ್ಣನನ್ನು ಬಿಡಿಸಲು ಹೋಗುತ್ತಾನೆ. ಲಿಯೊನಾರ್ಡೊನದೂ ತಪ್ಪಿದೆ, ಅಪ್ಪಣೆ ಕೊಡುವುದು ಜಾಸ್ತಿ. ಬೈಬಲ್‌ನ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವುದು ದೊಡ್ಡವನಾಗಬೇಕಾದರೆ ಸೇವಕನಾಗಬೇಕು ಅಂತ ಅಲ್ವಾ? ಜಗಳದ ದೃಶ್ಯ ಮುಗಿದಾಗ ಸಿನಿಮಾ ನಿಲ್ಲಿಸಿ, ಯಾರು ಮೊದಲು ಕ್ಷಮೆ ಕೇಳಬೇಕಿತ್ತು ಎಂದು ಮಕ್ಕಳನ್ನೇ ಕೇಳಿ.