ಬಾಗಿಲು ತಟ್ಟಬೇಡ ಅಂದಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯವಳು. ಓದು ಮುಗಿಸಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲಸಕ್ಕಿದ್ದೇನೆ. ಬೀದಿಯಲ್ಲಿದ್ದವರಿಗೆ ಕೋಣೆ ಕೊಟ್ಟು ನೋಡಿಕೊಳ್ಳುವ ಒಂದು ಸಪೋರ್ಟಿವ್ ಹೌಸಿಂಗ್‌ನಲ್ಲಿ ರಾತ್ರಿ ಪಾಳಿ. ಅಲ್ಲಿರುವ ಐವತ್ತು ದಾಟಿದ ಒಬ್ಬರು ಕೆಲವು ವಾರ ಆಸ್ಪತ್ರೆಯಲ್ಲಿದ್ದು ವಾಪಸ್ ಬಂದಿದ್ದಾರೆ. ಅಲ್ಲಿ ಡ್ರಗ್ಸ್ ಮುಟ್ಟಿರಲಿಲ್ಲ. ಈಗ ಬಾಗಿಲು ಹಾಕಿಕೊಂಡು, ಒಬ್ಬರೇ ಮತ್ತೆ ಫೆಂಟನಿಲ್ (ಅಫೀಮಿನ ಜಾತಿಯ ತುಂಬಾ ತೀಕ್ಷ್ಣ ಡ್ರಗ್) ಸೇದುತ್ತಿದ್ದಾರೆ. ಇದು ಗೊತ್ತಿರುವುದು ನನಗೆ ಮಾತ್ರ. ‘ಯಾರಿಗೂ ಹೇಳಬೇಡ, ಬಾಗಿಲೂ ತಟ್ಟಬೇಡ, ಕೋಣೆ ಹೋದರೆ ನಾನು ಮತ್ತೆ ಬೀದಿಗೆ’ ಎಂದು ಮಾತು ತೆಗೆದುಕೊಂಡಿದ್ದಾರೆ. ಹೇಳಿದರೆ ನಂಬಿಕೆ ಹೋಗುತ್ತದೆ. ಸುಮ್ನಿದ್ದರೆ ರಾತ್ರಿಯೆಲ್ಲಾ ಭಯ.

ಉತ್ತರ: ಈ ಮಾತನ್ನು ಪೂರ್ತಿ ಉಳಿಸಿಕೊಳ್ಳಲು ನಿಮ್ಮಿಂದ ಆಗುವುದಿಲ್ಲ, ಉಳಿಸಿಕೊಳ್ಳಲೂಬಾರದು. ಆದರೆ ಅದನ್ನು ಮೊದಲು ಅವರಿಗೇ ಹೇಳಿ, ಮುಂದಿನ ಪಾಳಿಯಲ್ಲೇ.

ಇಷ್ಟು ಅವಸರ ಯಾಕೆಂದರೆ, ಕೆಲವು ವಾರ ಬಿಟ್ಟಿದ್ದರೆ ದೇಹದ ತಾಳಿಕೆ ಇಳಿದಿರುತ್ತದೆ. ಮೊದಲು ತಡೆದುಕೊಳ್ಳುತ್ತಿದ್ದ ಅಳತೆಯೇ ಈಗ ಉಸಿರು ನಿಲ್ಲಿಸಬಹುದು. ಸೂಜಿ ಅಲ್ಲ, ಸೇದುವುದು ತಾನೇ ಎಂಬ ಸಮಾಧಾನ ಬೇಡ. ನೀವಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2016ರ ಏಪ್ರಿಲ್‌ನಲ್ಲೇ ಡ್ರಗ್ಸ್ ಓವರ್‌ಡೋಸ್‌ನಿಂದ ಆಗುವ ಸಾವುಗಳಿಗಾಗಿ ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿತ್ತು. ಅಲ್ಲಿ ಹೆಚ್ಚಿನ ಸಾವುಗಳು ಆಗುವುದು ಬೀದಿಯಲ್ಲಲ್ಲ, ನಾಲ್ಕು ಗೋಡೆಗಳ ಒಳಗೆ. ಬೀದಿಯಲ್ಲಿ ಬಿದ್ದವರು ಯಾರದಾದರೂ ಕಣ್ಣಿಗೆ ಬೀಳುತ್ತಾರೆ. ಕೋಣೆಯಲ್ಲಿ ಬಿದ್ದವರನ್ನು ನೋಡುವವರು ಯಾರು?

ಅವರ ಹತ್ತಿರ ಹೋಗುವ ಮುಂಚೆ ಒಂದು ಕೆಲಸವಿದೆ. ಹೆಸರು ಹೇಳದೆ ಮೇಲ್ವಿಚಾರಕರನ್ನು ಕೇಳಿ: ಕೋಣೆಯಲ್ಲಿ ಡ್ರಗ್ಸ್ ಬಳಸಿದರೆ ಇಲ್ಲಿಂದ ಹೊರಗೆ ಹಾಕುತ್ತಾರಾ? ಇಂಥ ಎಷ್ಟೋ ಕಡೆ ಚಟ ಬಿಟ್ಟರೆ ಮಾತ್ರ ಕೋಣೆ ಎಂಬ ಷರತ್ತೇ ಇರುವುದಿಲ್ಲ. ನಿಮ್ಮಲ್ಲೂ ಹಾಗೇ ಇದ್ದರೆ ಅವರ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಆಮೇಲೆ ಅವರ ಜೊತೆ ಕೂತು ಮಾತಾಡಿ. ಬಿಡಿ ಎಂದು ಬುದ್ಧಿ ಹೇಳಬೇಡಿ. ‘ನೀವು ಸಾಯುವುದು ನನಗೆ ಬೇಡ, ಹಾಗಾಗಿ ಸುಮ್ಮನಿರಲು ಆಗುವುದಿಲ್ಲ’ ಎಂದು ನೇರವಾಗಿ ಹೇಳಿ. ಹೇಗೆ ಎನ್ನುವುದನ್ನು ಅವರೇ ಆರಿಸಲಿ. ಸೇದುವ ಮುಂಚೆ ಕೆಳಗೆ ಫೋನ್ ಮಾಡಬಹುದು, ಐದು ನಿಮಿಷಕ್ಕೆ ನೀವು ಬಾಗಿಲು ತಟ್ಟಬೇಕು. ಪಕ್ಕದ ಕೋಣೆಯ ಗೆಳೆಯ ಜೊತೆಗಿರಬಹುದು; ವ್ಯಾಂಕೂವರ್‌ನ ಹಳೇ ಹೋಟೆಲ್ ಕೋಣೆಗಳಲ್ಲಿ ಬಾಡಿಗೆದಾರರೇ ತರಬೇತಿ ಪಡೆದು ಎಷ್ಟೋ ಜೀವ ಉಳಿಸಿದ್ದಾರೆ. ಲೈಫ್‌ಗಾರ್ಡ್ ಎಂಬ ಆ್ಯಪ್ ಕೂಡ ಇದೆ. ಅದರ ಟೈಮರ್ ನಿಲ್ಲಿಸದಿದ್ದರೆ ತುರ್ತು ಸಹಾಯಕ್ಕೆ ಸುದ್ದಿ ಹೋಗುತ್ತದೆ. ಅವರು ಯಾವುದಕ್ಕೂ ಒಪ್ಪದಿದ್ದರೆ ಮೇಲ್ವಿಚಾರಕರಿಗೆ ಹೇಳುತ್ತೀರಿ ಎಂದು ಅವರಿಗೆ ತಿಳಿಸಿಯೇ ಹೇಳಿ. ಕೋಪ ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ. ಬೆನ್ನ ಹಿಂದೆ ಮಾತ್ರ ಹೇಳಬೇಡಿ.

ತಟ್ಟಿದಾಗ ಉತ್ತರ ಬರದಿದ್ದರೆ ಒಳಗೆ ಹೋಗಿ. ತುಟಿ ನೀಲಿಯಾಗಿದ್ದರೆ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದರೆ, ಅಲುಗಾಡಿಸಿದರೂ ಏಳದಿದ್ದರೆ 911ಕ್ಕೆ ಕರೆ ಮಾಡಿ, ಬಾಯಿಂದ ಉಸಿರು ಕೊಡಿ, ಫೆಂಟನಿಲ್‌ನಂಥ ಡ್ರಗ್ಸ್‌ನ ಪರಿಣಾಮ ಇಳಿಸುವ ಔಷಧಿ ನಲೊಕ್ಸೋನ್ ಕೊಡಿ. ಐದು ಸೆಕೆಂಡಿಗೊಂದು ಉಸಿರು. ಈಗೀಗ ಅಲ್ಲಿನ ಫೆಂಟನಿಲ್‌ಗೆ ನಿದ್ದೆ ಮಾತ್ರೆಯ ಜಾತಿಯ ಔಷಧಿಗಳನ್ನೂ ಬೆರೆಸುತ್ತಾರೆ. ಅವುಗಳ ಮೇಲೆ ನಲೊಕ್ಸೋನ್ ಕೆಲಸ ಮಾಡುವುದಿಲ್ಲ. ಆದ್ದರಿಂದ ಕಣ್ಣು ಬಿಡಲಿಲ್ಲ ಎಂದು ಗಾಬರಿಯಾಗಿ ಡೋಸ್ ಮೇಲೆ ಡೋಸ್ ಹಾಕಬೇಡಿ, ಉಸಿರಾಟ ನೋಡಿ. ಎದ್ದು ಕೂತರೂ ಬಿಟ್ಟು ಹೋಗಬೇಡಿ, ನಲೊಕ್ಸೋನ್ ಇಳಿದ ಮೇಲೆ ಮತ್ತೆ ಉಸಿರು ನಿಲ್ಲಬಹುದು. ಪೊಲೀಸರ ಭಯಕ್ಕೆ ಕರೆ ತಡ ಮಾಡುವುದೂ ಬೇಡ. ಓವರ್‌ಡೋಸ್ ಆದಾಗ ಸಹಾಯಕ್ಕೆ ಕರೆದವರ ಮೇಲೂ ಬಿದ್ದವರ ಮೇಲೂ ಡ್ರಗ್ಸ್ ಇಟ್ಟುಕೊಂಡಿದ್ದಕ್ಕೆ ಕೇಸ್ ಹಾಕದಂತೆ ಕೆನಡಾದಲ್ಲಿ 2017ರಿಂದ ಕಾನೂನಿದೆ.

ಈ ಚಟಕ್ಕೆ ಕೊಡುವ ಮೆಥಡೋನ್, ಸುಬಾಕ್ಸೋನ್ ಎಂಬ ಔಷಧಿಗಳ ಚಿಕಿತ್ಸೆಯ ಮಾತು ಅವರಾಗೇ ಎತ್ತಿದ ದಿನ ಕ್ಲಿನಿಕ್‌ನ ನಂಬರ್ ನಿಮ್ಮ ಕೈಯಲ್ಲಿರಲಿ.

ಇನ್ನು ನಿಮ್ಮ ವಿಷಯ. ಒಂದು ಜೀವದ ಭಾರ ನಿಮ್ಮೊಬ್ಬರ ತಲೆ ಮೇಲೆ ಯಾಕಿರಬೇಕು? ನಿಮಗೂ ವಾರದ ರಜೆ ಇದೆ ಅಲ್ವಾ? ಆ ರಾತ್ರಿಗಳಲ್ಲಿ ಬಾಗಿಲು ತಟ್ಟುವವರು ಯಾರು ಎನ್ನುವುದು ಅವರ ಎದುರಲ್ಲೇ ತೀರ್ಮಾನವಾಗಲಿ.